ಆಳು ಅನ್ನುವ ಒಂದು ಶಬ್ದ

8 ನವೆಂಬರ್ 1976, ಸೋಮವಾರ
ಹೊರ್ತಿ ದಾರಿಯ ತೋಟ

ಪ್ರವೇಶ! ಬಹರೇನಿನಿಂದ ಹಡಗು, ಮುಂಬಯಿಯಿಂದ ರೈಲು, ಇಂಡಿ ರೋಡ್ ಸ್ಟೇಶನ್ನಿನಿಂದ ಬಸ್ಸು, ಬಸ್ಸಿಳಿದು ತಲೆಯ ಮೇಲೆ ತಗಡಿನ ಟ್ರಂಕು. ಸುಮಿತ್ರಾಬಾಯಿ ತನ್ನ ರಾಜ್ಯಕ್ಕೆ ಮರಳಿದ್ದಾಳೆ. ಹತ್ತು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ. ಏಳು ವರ್ಷದಿಂದ ಇದೇ ನಾಟಕ, ಇದೇ ಎರಡು ಪರದೆ.

ಪ್ರತಿ ವರ್ಷ, ತೋಟ ನೋಡಿಕೊಳ್ಳುವ ಪರಸ್ಯಾ ಬಸ್ಸಿನ ಹತ್ತಿರ ಬಂದು ಟ್ರಂಕು ಹೊರುತ್ತಿದ್ದ. ಈ ಸಲ ಬರಲಿಲ್ಲ. ಬೆವರು ಒರೆಸುತ್ತ ಬಂದು ನೋಡಿದರೆ ನನ್ನ ಕೋಣೆಯ ಬಾಗಿಲ ಮೇಲೆ ಒಂದು ಕಾಗದ ಅಂಟಿಸಿದ್ದಾರೆ. ನನ್ನ ಬಾಗಿಲು! ನನ್ನ ಬಾಗಿಲಿನ ಮೇಲೆ ಸರಕಾರದ ಅಂಟು!

ಇಂಡಿಯ ಭೂ ನ್ಯಾಯಮಂಡಳಿಯ ನೋಟೀಸು. ಎರಡು ಎಕರೆ ನಿಂಬೆ ತೋಟವನ್ನು ತಾನೇ ಪಾಲಿಗೆ ಮಾಡುತ್ತ ಬಂದಿರುವುದರಿಂದ ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಪರಸಪ್ಪ, ಅಂದರೆ ಈ ಪರಸ್ಯಾ, ಅರ್ಜಿ ಹಾಕಿದ್ದಾನೆ. ಜನವರಿ ಹತ್ತಕ್ಕೆ ವಿಚಾರಣೆ. ಹದಿನೆಂಟಕ್ಕೆ ಮುಂಬಯಿಯಲ್ಲಿ ನನ್ನ ಹಡಗು.

ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ರಾಣಿಯಾಗಿ ಸಿಂಹಾಸನ ಏರಿದವಳು ನಾನು. ಒಂದು ಸಲವೂ ಸಿಂಹಾಸನ ನನ್ನದಾಗಿರಲಿಲ್ಲ, ಎಲ್ಲ ಮಾಲಕರದು. ಕಂಪನಿ ಮುಚ್ಚಿದಾಗ ಕೊರಳಿನದು ಕಿವಿಯದು ಮಾರಿ ಕೊಂಡದ್ದು ಈ ನೆಲ. ಇದೊಂದೇ ನನ್ನದು. ಬಿಡುತ್ತೇನೆಯೆ? ಬಿಡುವುದಿಲ್ಲ!

9 ನವೆಂಬರ್, ಮಂಗಳವಾರ

ಬೆಳಿಗ್ಗೆ ಬಾವಿಯ ಹತ್ತಿರ ಸಿಕ್ಕ. ನನ್ನ ಸ್ವರಕ್ಕೆ ದಾರಿಯಲ್ಲಿ ಹೊರಟ ಎರಡು ಚಕ್ಕಡಿ ನಿಂತವು.

"ಏ ಪರಸ್ಯಾ! ಏನಿದು?"

"ನೋಟೀಸ್ರಿ ಬಾಯಾರ."

"ಅದು ನನಗೂ ಗೊತ್ತೈತಿ. ಇದರಾಗ ನಿನ್ನ ಹೆಸರು ಮ್ಯಾಲೈತಿ, ನಂದು ಕೆಳಗೈತಿ. ಯಾವ ಕಂಪನಿಯಾಗ ರಾಣಿ ಹೆಸರು ಕೆಳಗ ಬರೀತಾರ?"

"ಅರ್ಜಿ ಕೊಟ್ಟಾಂವ ನಾನ್ರಿ, ಅದಕ್ಕ ಮ್ಯಾಲ ಬರದಾರ."

"ಈ ಹೊಲ ಕೊಂಡಾಕಿ ಯಾರು? ಬಾವಿ ತೋಡಿಸಿದಾಕಿ ಯಾರು? ಇಂಜಿನ್ನ ತಂದಾಕಿ ಯಾರು?"

"ನೀವ್ರಿ."

"ಮತ್ತ?"

"ನೀರ ಉಣಿಸಿದಾಂವ ನಾನ್ರಿ."

ಅಷ್ಟೇ ಅಂದ. ಕಣ್ಣು ಕೆಳಗೆ, ಧ್ವನಿ ಅದಕ್ಕಿಂತ ಕೆಳಗೆ. ಎದುರಿನ ಪಾತ್ರಧಾರಿ ಧ್ವನಿಯನ್ನೇ ಎತ್ತದಿದ್ದರೆ ಯಾವ ನಾಟಕ ನಡೆದೀತು? ಚಕ್ಕಡಿಯವರು ನಿರಾಶರಾಗಿ ಹೊರಟುಹೋದರು.

12 ನವೆಂಬರ್, ಶುಕ್ರವಾರ
ಇಂಡಿ

ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಬಸಂತರಾಯನ ಹತ್ತಿರ ಹೋದೆ. ನ್ಯಾಯಮಂಡಳಿಯಲ್ಲಿ ವಕೀಲರಿಗೆ ನಿಂತು ಮಾತಾಡುವ ಹಾಗಿಲ್ಲವಂತೆ.

"ಅಲ್ಲಿ ನಿಮ್ಮ ಪಾರ್ಟು ನೀವ ಮಾಡಬೇಕ್ರಿ ಬಾಯಿ," ಅಂದ.

"ಆಹಾ! ಅದಕ್ಕೇನು, ಹುಟ್ಟಿದ್ದ ಅದಕ್ಕ."

"ತಡೀರಿ. ಮೊದಲ ಹೇಳ್ರಿ, ನೀವು ಮಿಲ್ಟ್ರಿಯಾಗ ಅದೀರೇನು?"

"ನಾನಾ?"

"ಕಾಯ್ದೆದಾಗ ಸಿಪಾಯಿಗೆ ಸವಲತ್ತೈತ್ರಿ. ದೂರ ಇದ್ರೂ ಹೊಲ ಪಾಲಿಗೆ ಹಾಕಬಹುದು. ಇಲ್ಲಾಂದ್ರ ಹಡಗಿನವ್ರಿಗೆ."

ನಾನು ಎದ್ದು ನಿಂತೆ. "ಹಡಗಿನವ್ರಿಗಾ? ಬರಿ ಮತ್ತ! ವರ್ಷಕ್ಕ ಎರಡು ಸಲ ಹಡಗಿನ್ಯಾಗ ಇರ್ತೇನಿ. ಟಿಕೀಟಿನ ತುಂಡೂ ಇಟ್ಟೇನಿ!"

"ಹಡಗ ನಡಸಾವ್ರಿಗೆ ಬಾಯಿ. ಹಡಗಿನ್ಯಾಗ ಕುಂತ ವಾಂತಿ ಮಾಡಾವ್ರಿಗಲ್ಲ."

ಗಿಡದ ಕೆಳಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳ್ಳೆಯ ಮಾತಿಗೆ ನಗಬೇಕು.

ಆಮೇಲೆ ಅವನು ಧ್ವನಿ ಇಳಿಸಿ ಹೇಳಿದ್ದು ಇದು. ಹೊಸ ಕಾಯ್ದೆಯಲ್ಲಿ, ಪರಸ್ಯಾ ಪಾಲಿಗೆ ಮಾಡಿದವನಾದರೆ ತೋಟ ಅವನದು. ಪಗಾರದ ಆಳಾಗಿದ್ದರೆ ತೋಟ ನನ್ನದು. "ಒಂದ ಶಬ್ದದ ಮ್ಯಾಲ ನಿಂತೈತಿ. ಆಳು ಅನ್ರಿ. ಆಳು ಅಂತ ಹೇಳಾವ್ರನ್ನ ಇಬ್ಬರನ್ನ ತರ್ರಿ. ಕೆಲಸ ಮುಗೀತು."

ಆದರೆ ಬಂದ ಫಲದಲ್ಲಿ ಅರ್ಧ ಅವನದು, ಅರ್ಧ ನನ್ನದು ಅಂತಲೇ ಏಳು ವರ್ಷ ನಡೆದಿದೆಯಲ್ಲ?

"ಕಾಗದದಾಗ ಐತೇನ್ರಿ?"

"ಇಲ್ಲ. ಬಾಯಿಮಾತು."

"ಮತ್ತ ಬಾಯಿ ನಿಮ್ಮದ ದೊಡ್ಡದೈತಿ."

ನಿಜ. ಈ ಜಿಲ್ಲೆಯಲ್ಲಿ ನನ್ನದಕ್ಕಿಂತ ದೊಡ್ಡ ಬಾಯಿ ಇಲ್ಲ. ಆಳು. ಎರಡಕ್ಷರ. ಇದಕ್ಕಿಂತ ಉದ್ದುದ್ದ ಸುಳ್ಳುಗಳನ್ನು ದೀಪದ ಬೆಳಕಿನಲ್ಲಿ ಸಾವಿರ ಜನರೆದುರು ಹೇಳಿ ಒನ್ಸ್ ಮೋರ್ ತೆಗೆದುಕೊಂಡಿದ್ದೇನೆ.

24 ನವೆಂಬರ್, ಬುಧವಾರ
ಸಿಂದಗಿ

ಬಸ್ಸಿನಲ್ಲಿ ಹಿಂದಿನ ಸೀಟು. ಪ್ರತಿ ಗುಂಡಿಗೂ ಒಂದು ಸಲ ಸ್ವರ್ಗ ಕಂಡೆ.

ಇಬ್ರಾಹಿಂಸಾಬ ನಮ್ಮ ಕಂಪನಿಯ ತಬಲಾದವರು. ಈಗ ಸಿಂದಗಿಯಲ್ಲಿ ಮಗನ ಸೈಕಲ್ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ನನ್ನನ್ನು ಕಂಡವರೇ ಸ್ಟೂಲಿನ ಮೇಲೆ ಬೆರಳಾಡಿಸಿ ನನ್ನ ಪ್ರವೇಶದ ಠೇಕಾ ನುಡಿಸಿದರು. ಕಣ್ಣಲ್ಲಿ ನೀರು ಬಂತು, ಬರಲಿ.

ವಿಷಯ ಹೇಳಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಬರ್ತೇನಿ ಬಾಯಿ. ಏನ್ ಹೇಳಬೇಕು ಬರದ ಕೊಡ್ರಿ. ಬಾಯಿಪಾಠ ಮಾಡ್ತೇನಿ."

"ನಿಮಗ ಕನ್ನಡ ಓದಾಕ ಬರೂದಿಲ್ಲಲ್ಲ?"

"ಸೊಸಿ ಓದ್ತಾಳ, ನಾ ಕೇಳ್ತೇನಿ. ಮೂವತ್ತು ವರ್ಷ ಕಿವಿಮ್ಯಾಲ ಬದುಕಿದಾಂವ. ಒಂದ ಅಕ್ಷರ ತಪ್ಪೂದಿಲ್ಲ."

ಅಲ್ಲೇ ಕೂತು ಒಂದು ಪುಟ ಬರೆದುಕೊಟ್ಟೆ. ಅವರು ರಂಗದ ಮೇಲೆ ಮಾತಾಡಿದವರಲ್ಲ, ಆದ್ದರಿಂದ ಎಲ್ಲಿ ನಿಲ್ಲಬೇಕು, ಎಲ್ಲಿ ನೋಡಬೇಕು ಎಲ್ಲ ಬರೆದೆ. ಒಳ್ಳೆಯ ಮಾತು, ಒಳ್ಳೆಯ ಏರಿಳಿತ.

ಅವರು ಏನನ್ನೂ ಕೇಳದೆ ಒಪ್ಪಿಕೊಂಡದ್ದು ಮಾತ್ರ ಬರುವಾಗ ಬಸ್ಸಿನುದ್ದಕ್ಕೂ ತಲೆಯಲ್ಲಿ ಕುಲುಕಾಡುತ್ತಿತ್ತು. ರಸ್ತೆಯ ಗುಂಡಿಗಳಿಂದ ಇರಬೇಕು.

28 ನವೆಂಬರ್

ಇಂದು ಗಿಡಗಳಿಗೆ ನೀರು ನಿಲ್ಲಿಸಿದೆವು. ಗಿಡಕ್ಕೆ ಬಾಯಾರಿಸುವುದು ಅನ್ನುತ್ತೇವೆ. ನಿಂಬೆಗೆ ಹೊಟ್ಟೆ ತುಂಬ ನೀರು ಕೊಟ್ಟರೆ ಬರೀ ಎಲೆ. ಒಂದೂವರೆ ತಿಂಗಳು ಒಣಗಿಸಿ, ಎಲೆ ಮುದುರಿ ಹಳದಿಯಾಗಿ ಉದುರತೊಡಗಿದಾಗ, ಇನ್ನೇನು ಸತ್ತೆ ಅಂದುಕೊಂಡಾಗ, ಬುಡ ಕೆದರಿ ಗೊಬ್ಬರ ಹಾಕಿ ಒಮ್ಮೆಲೇ ನೀರು ಬಿಡಬೇಕು. ಹಟಕ್ಕೆ ಬಿದ್ದ ಹಾಗೆ ಹೂ ಒಡೆಯುತ್ತದೆ. ಇದಕ್ಕಾಗಿಯೇ ಈ ತಿಂಗಳುಗಳಲ್ಲಿ ನನ್ನ ರಜೆ. ಬಹರೇನಿನಲ್ಲಿ ನಾನಿರುವ ಸೇಠಾಣಿಯ ಮನೆಯ ಅಂಗಳದಲ್ಲಿ ಡಬ್ಬಿಯಲ್ಲಿ ಬೆಳೆಸಿದ ಗಿಡಕ್ಕೂ ಹಾಗೇ ಮಾಡಿದ್ದೆ. ಸೇಠಾಣಿ "ಗಿಡ ಕೊಲ್ಲಾಕತ್ತೀ" ಅಂತ ತಾನೇ ಕೊಡ ತಂದು ಸುರಿದಳು. ಅದು ಇವತ್ತಿಗೂ ಹೂ ಬಿಟ್ಟಿಲ್ಲ.

ಪರಸ್ಯಾನೊಡನೆ ಮಾತಿಲ್ಲ. ಅವನು ಆ ತುದಿಯಿಂದ ಕಾಲುವೆಗೆ ಮಣ್ಣಿನ ಒಡ್ಡು ಹಾಕುತ್ತ ಬಂದ, ನಾನು ಈ ತುದಿಯಿಂದ. ನಡುವೆ ಎದುರಾದಾಗ ಇಬ್ಬರೂ ಒಂದೇ ಸಲ ತಿರುಗಿದೆವು.

2 ಡಿಸೆಂಬರ್, ಗುರುವಾರ
ಮುದ್ದೇಬಿಹಾಳ

ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಬಾಗೇವಾಡಿ, ಬಾಗೇವಾಡಿಯಿಂದ ಮುದ್ದೇಬಿಹಾಳ, ಅಲ್ಲಿಂದ ತಂಗಡಗಿ. ನಾಲ್ಕು ಬಸ್ಸು. ಸಮುದ್ರ ದಾಟುವುದು ಇದಕ್ಕಿಂತ ಸುಲಭ.

ತಂಗಡಗಿಯ ಹೊಳೆಯ ದಂಡೆಯಲ್ಲಿ ಶ್ರೀಶೈಲಪ್ಪನ ಸಸಿ ತೋಟ. ನನ್ನ ಇನ್ನೂರು ಗಿಡವೂ ಅಲ್ಲಿಂದ ಬಂದವು. ಎರಡನೆಯ ಸಾಕ್ಷಿ ಅವನೇ ಆಗಬೇಕೆಂದು ನನ್ನ ಯೋಜನೆ.

"ಸಸಿ ಒಯ್ದವ್ರು ನೀವು, ಅದನ್ನ ಎಲ್ಲಿ ಬೇಕಾದಲ್ಲಿ ಹೇಳ್ತೇನ್ರಿ," ಅಂದ. "ಆಳು ಅಂತ ಹೆಂಗ ಹೇಳ್ಲಿ? ಪರಸಪ್ಪ ಇಲ್ಲಿತನಕ ಎಷ್ಟ ಸಲ ಬಂದಾನ ಗೊತ್ತದೇನ್ರಿ ನಿಮಗ?"

"ಇಲ್ಲಿಗ್ಯಾ? ಯಾತಕ್ಕ?"

"ಮೂರ ವರ್ಷದ ಹಿಂದ ಗಿಡಕ್ಕ ಅಂಟು ಸೋರೂ ಬ್ಯಾನಿ ಬಂದಿತ್ತಲ್ಲ. ತೊಗಟಿ ತುಂಡು ವಸ್ತ್ರದಾಗ ಕಟಗೊಂಡು ಬಂದಿದ್ದ. ಮದ್ದ ಹೇಳಿ ಕಳಸಿದೆ. ಹದಿನೈದ ದಿನಕ್ಕ ಮತ್ತ ಬಂದ. ಹಂಗ ನಾಲ್ಕು ಸಲ. ನಾ ಚಾಷ್ಟಿಗೆ ಅಂದೆ, 'ಏನೋ, ಹೆಂಡ್ತಿ ಬ್ಯಾನಿಗೂ ಇಷ್ಟ ತಿರಗ್ಯಾಡೀಯೇನು' ಅಂತ. 'ಆಕಿಗೆ ಬಾಯಿ ಐತಿ, ನೋವಾದ್ರ ಹೇಳ್ತಾಳ್ರಿ' ಅಂದ."

ನನಗೆ ಆ ರೋಗದ ಸುದ್ದಿಯೇ ಗೊತ್ತಿಲ್ಲ. ಆ ವರ್ಷ ನಾನು ಬಂದಾಗ ಗಿಡ ಹಸಿರಾಗಿದ್ದವು. ಇದರಿಂದ ಏನೂ ಸಾಬೀತಾಗುವುದಿಲ್ಲ. ಆಳುಗಳೂ ಬಸ್ಸು ಹತ್ತುತ್ತಾರೆ.

ನಾಲ್ಕು ಬಸ್ಸು ಹೋಗಲು, ನಾಲ್ಕು ಬಸ್ಸು ಬರಲು. ನಾಲ್ಕು ಸಲ.

3 ಡಿಸೆಂಬರ್, ಶುಕ್ರವಾರ
ಬಸವನ ಬಾಗೇವಾಡಿ

ಬಸ್ಸು ಕೆಟ್ಟು ಸ್ಟ್ಯಾಂಡಿನಲ್ಲಿ ನಿಂತಿದೆ, ಅದರ ನೆರಳಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಿಟ್ಟು ಬಂದಿದೆ.

ಅದೇ ಬಸ್ಸಿಗೆ ಪರಸಪ್ಪನ ಹೆಂಡತಿ ಸಾತವ್ವ ಕಾದು ನಿಂತಿದ್ದಳು, ತವರಿನಿಂದ ಹೊರಟವಳು. ಇರುವುದು ಒಂದೇ ಕಲ್ಲಿನ ಕಟ್ಟೆ. ಇಬ್ಬರೂ ಕೂತೆವು. ಅವಳು ಗಂಟು ಬಿಚ್ಚಿ ರೊಟ್ಟಿ ಮುರಿದು ಅರ್ಧ ನನ್ನ ಕಡೆ ಚಾಚಿದಳು.

"ನಿಮ್ಮ ರೊಟ್ಟಿ ನನಗ ಬ್ಯಾಡ," ಅಂದೆ.

"ನಿಮ್ಮ ಹೊಲದ ಜ್ವಾಳ ಅಲ್ಲ ತಗೋರಿ, ನಮ್ಮವ್ವನ ಮನೀದು."

ತೆಗೆದುಕೊಂಡೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಸಾಕ್ಷಿ ಹುಡಕಾಕ ಹೋಗಿದ್ರಂತ," ಅಂದಳು. "ಸಿಕ್ರೇನು?"

"ಸಿಗ್ತಾರ. ನಿನ್ನ ಗಂಡ ಆಳು ಅಂತ ಇಡೀ ಇಂಡಿ ಹೇಳ್ತೈತಿ."

ಸಾತವ್ವ ಸಿಟ್ಟಿಗೇಳಲಿಲ್ಲ. ಗಂಡನಂತಲ್ಲ ಅವಳು, ನೇರ ಕಣ್ಣಲ್ಲಿ ನೋಡುತ್ತಾಳೆ. "ಹತ್ತ ತಿಂಗಳು ನಾವು ಆಳಲ್ರಿ. ನೀವು ಬಂದ ಎರಡ ತಿಂಗಳು ಆಳು. ಆಮ್ಯಾಲೆ ಮತ್ತ ಅಲ್ಲ. ಹಿಂಗ ವೇಷ ಹಾಕ್ಕೊಂತ ಬಿಚ್ಚಿಕೊಂತ ಇರಾಕ ನಾವೇನು ನಾಟಕದವ್ರೇನ್ರಿ?"

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಸುಳ್ಳ ಕೇಳಾಂಗಿಲ್ರಿ, ಖರೇನ ಕೇಳ್ತೇನಿ. ಅಲ್ಲಿ ಬಹರೇನದಾಗ ನಿಮಗ ಏನಂತಾರ್ರಿ?"

"ಮನೀಯಾಕಿ ಅಂತಾರ. ಮಾವಶಿ ಅಂತಾರ."

"ಕಾಗದದಾಗ?"

ಆಗ ಡ್ರೈವರು ಇನ್ನೂ ಎರಡು ತಾಸು ಬೇಕೆಂದು ಕೂಗಿದ. ಒಳ್ಳೆಯದಾಯಿತು. ನಾನೆದ್ದು ಈ ಕಡೆ ಬಂದೆ.

ಕಾಗದದಲ್ಲಿ ಏನು ಬರೆದಿದ್ದಾರೆಂದು ನನಗೆ ಗೊತ್ತಿದೆ. ಪ್ರತಿ ವರ್ಷ ಬಂದರಿನ ಗುಮಾಸ್ತ ಗಟ್ಟಿಯಾಗಿ ಓದುತ್ತಾನೆ, ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ. ಸರ್ವಂಟ್. ನಾನು ಆಗ ಸಮುದ್ರದ ಕಡೆ ನೋಡುತ್ತೇನೆ.

14 ಡಿಸೆಂಬರ್

ಬರೆಯಲು ಏನಿಲ್ಲ. ಎಲೆ ಮುದುರುತ್ತಿವೆ.

20 ಡಿಸೆಂಬರ್, ಸೋಮವಾರ

ನಾಡಿದ್ದು ಕಂದಾಯದ ಸರ್ಕಲ್ ಸಾಹೇಬರು ತೋಟದ ಪಂಚನಾಮೆಗೆ ಬರುತ್ತಾರೆ. ಬಸಂತರಾಯ ಸೈಕಲ್ ಮೇಲೆ ಇಲ್ಲಿಯ ತನಕ ಬಂದ.

"ಇದೇನ್ರಿ ಬಾಯಿ, ಸ್ಮಶಾನ ಆಗೇತಿ! ಮಾಲಕಳು ತೋಟ ಒಣಗಸ್ಯಾಳ ಅಂತ ಬರೀತಾರ. ಇವತ್ತ ಇಂಜಿನ್ ಚಾಲೂ ಮಾಡ್ರಿ. ಎರಡ ದಿನದಾಗ ಹಸರ ಕಾಣಬೇಕು."

ನನಗೂ ಸರಿಯೆನ್ನಿಸಿತು. ಸೆರಗು ಕಟ್ಟಿ ಬಾವಿಗೆ ನಡೆದೆ. ಪರಸಪ್ಪ ಇಂಜಿನ್ನಿನ ಮುಂದೆ ನಿಂತಿದ್ದ.

"ಸರಿ ಆ ಕಡೆ."

"ಬ್ಯಾಡ್ರಿ ಬಾಯಾರ. ಇನ್ನೂ ಎಲಿ ಪೂರಾ ಬಾಡಿಲ್ಲ. ಈಗ ನೀರ ಬಿಟ್ರ ಹೂ ಹೋಗ್ತಾವ."

"ನೀರು ಬಿಡು ಅಂತ ಹೇಳಾಕತ್ತೇನಿ!"

"ನಾ ಬಿಡಾಂಗಿಲ್ರಿ."

"ನನ್ನ ತೋಟ!"

"ಗೆಲ್ಲಾವ್ರು ಯಾರರೆ ಗೆಲ್ರಿ. ಆ ಸಾಹೇಬ ಬಂದು ತಾಸೊತ್ತು ನೋಡಿ ಹೋಗ್ತಾನ. ಅಂವನ ಸಲುವಾಗಿ ಒಂದ ವರ್ಷದ ಹೂ ಕಳೀತೀರೇನು?"

ಮೊದಲ ಸಲ ಅವನ ಧ್ವನಿ ಏರಿದ್ದು. ಚೆನ್ನಾಗಿಯೇ ಏರುತ್ತದೆ, ಕಂಪನಿಗೆ ಬಂದಿದ್ದರೆ ಸೇನಾಪತಿಯ ಪಾತ್ರ ಕೊಡಬಹುದಿತ್ತು. ಅವನನ್ನು ಪಕ್ಕಕ್ಕೆ ತಳ್ಳಿ ಹ್ಯಾಂಡಲ್ಲಿಗೆ ಕೈ ಹಾಕಿದೆ.

ಇಂಜಿನ್ ಚಾಲೂ ಮಾಡಲಿಲ್ಲ. ಹ್ಯಾಂಡಲ್ಲು ಜಾರುತ್ತಿತ್ತು. ಡೀಸಲ್ಲೂ ಕಡಿಮೆ ಇದ್ದ ಹಾಗೆ ಕಂಡಿತು. ಹಾಳಾದ ಇಂಜಿನ್ನು, ರಿಪೇರಿ ಮಾಡಿಸಬೇಕು.

22 ಡಿಸೆಂಬರ್

ಸರ್ಕಲ್ ಸಾಹೇಬರು ಬಂದರು, ಉದುರಿದ ಎಲೆಯ ಮೇಲೆ ಚರಚರ ನಡೆದರು, "ಮಾಲಕರ ಅಲಕ್ಷ್ಯದಿಂದ ತೋಟ ಒಣಗಿದೆ" ಅಂತ ಬರೆದುಕೊಂಡರು. "ಅಲಕ್ಷ್ಯ ಅಲ್ರಿ, ಇದು ವಿದ್ಯಾ!" ಅಂತ ನಾನು ಗರ್ಜಿಸಿದೆ. ಆ ಕಡೆಯಿಂದ ಪರಸಪ್ಪನೂ ಅದನ್ನೇ ಅಂದ, ಮೆಲ್ಲಗೆ. ಸಾಹೇಬರು ಇಬ್ಬರನ್ನೂ ನೋಡಿ, ನೀವು ಎದುರಾಳಿಗಳೇ ಹೌದೋ ಅಲ್ಲವೋ ಎಂದು ಕೇಳಿದರು.

ಹೌದು ಅಂದೆ. ಗಟ್ಟಿಯಾಗಿ.

10 ಜನವರಿ 1977, ಸೋಮವಾರ
ಇಂಡಿ

ಎಲ್ಲವನ್ನೂ ಆದ ಹಾಗೆಯೇ ಬರೆದಿಡುತ್ತೇನೆ.

ಕಚೇರಿಯ ಹಜಾರ ತುಂಬಿತ್ತು. ಮೇಜಿನ ಹಿಂದೆ ಅಧ್ಯಕ್ಷ ಸಾಹೇಬರು, ಮೈಸೂರು ಕಡೆಯವರು, ಮೃದು ಮಾತು. ಎರಡೂ ಬದಿಗೆ ಸದಸ್ಯರು. ಬಸಂತರಾಯ ಬಾಗಿಲ ಹೊರಗೆ. ಪರಸಪ್ಪ ತೊಳೆದ ಪಟಕಾ ಸುತ್ತಿಕೊಂಡು ನಿಂತಿದ್ದ. ಸಾಕ್ಷಿಗೆ ಯಾರನ್ನೂ ತಂದಿರಲಿಲ್ಲ.

ನನ್ನ ಸಾಕ್ಷಿಯನ್ನು ಕರೆದರು. ಇಬ್ರಾಹಿಂಸಾಬರು ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು ಬಂದಿದ್ದರು. ಎದೆ ಎತ್ತಿ ನಿಂತು ಶುರು ಮಾಡಿದರು. ಸ್ಪಷ್ಟ ಉಚ್ಚಾರ. ಒಂದಕ್ಷರ ತಪ್ಪಲಿಲ್ಲ.

"ಈ ಪರಸಪ್ಪ ಎಂಬುವವನು ಸುಮಿತ್ರಾಬಾಯಿಯವರ ವರ್ಷದ ಆಳು. ಇಲ್ಲಿ ಒಂದು ಉಸಿರು ತೆಗೆದುಕೊಳ್ಳುವುದು. ಅವನಿಗೆ ಪಗಾರ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಸಾಹೇಬರ ಕಡೆ ನೋಡುವುದು, ಕೆಮ್ಮಬಾರದು."

ಅಯ್ಯೋ! ಸೊಸೆ ಕಾಗದದಲ್ಲಿದ್ದದ್ದನ್ನೆಲ್ಲ ಓದಿದ್ದಾಳೆ. ಅವರು ಕೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದಾರೆ. ಹಜಾರ ಬಿದ್ದು ಬಿದ್ದು ನಕ್ಕಿತು. ಇಬ್ರಾಹಿಂಸಾಬರು ಜನ ಮೆಚ್ಚಿದರೆಂದು ತಿಳಿದು ಇನ್ನೂ ಧ್ವನಿ ಏರಿಸಿದರು: "ಇಲ್ಲಿ ಎದೆಯ ಮೇಲೆ ಕೈ ಇಡುವುದು!" ಕೈ ಇಟ್ಟರು ಕೂಡ.

ಅಧ್ಯಕ್ಷರು ನಗಲಿಲ್ಲ. "ಸುಳ್ಳು ಸಾಕ್ಷಿ ಹೇಳಿದರೆ ಏನಾಗುತ್ತದೆ ಗೊತ್ತೇನು ನಿಮಗೆ? ಇದನ್ನು ಬರೆದುಕೊಟ್ಟವರು ಯಾರು?"

ಮುದುಕರಿಗೆ ಆಗ ಗೊತ್ತಾಯಿತು, ತಪ್ಪಾಯಿತೆಂದು. ಎದೆಯ ಮೇಲಿನ ಕೈ ಅಲ್ಲಿಯೇ ಇತ್ತು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ, ನೋಡಿದರೆ ನನ್ನ ಹೆಸರು ಹೇಳಿದಂತಾಗುತ್ತದೆಂದು.

ಬಾಗಿಲಿನಿಂದ ಬಸಂತರಾಯ ಪಿಸುಗುಟ್ಟಿದ: "ಅರಳು ಮರಳು ಅನ್ರಿ. ಮುದುಕಗ ತಲಿ ಸರಿ ಇಲ್ಲ ಅನ್ರಿ!"

ಕಂಪನಿಯಲ್ಲಿ ಮಾತು ಮರೆತಾಗ ಹಿಂದಿನಿಂದ ಹೇಳಿಕೊಡುವವನ ಧ್ವನಿ ಹೀಗೆಯೇ ಬರುತ್ತಿತ್ತು. ನಾನು ಯಾವತ್ತೂ ಮಾತು ಮರೆತವಳಲ್ಲ.

ಎದ್ದೆ. "ಬರದಾಕಿ ನಾನ್ರಿ ಸಾಹೇಬ್ರ. ಮುದುಕರದು ತಪ್ಪಿಲ್ಲ. ಕಟ್ಟೂದಿದ್ರ ನನ್ನ ಕಟ್ಟ್ರಿ."

"ಹಾಗಾದರೆ ಪರಸಪ್ಪ ನಿಮ್ಮ ಆಳಲ್ಲವೆ?"

"ಆಳು ನಾನ್ರಿ!"

ನಗು ನಿಂತಿತು.

"ಬಹರೇನದಾಗ ನಾನು ಆಳು. ಕಾಗದದಾಗ ಹಂಗ ಬರದಾರ. ಸೇಠಾಣಿ ಏಳು ಅಂದ್ರ ಏಳ್ತೇನಿ, ಮಲಗು ಅಂದ್ರ ಮಲಗತೇನಿ. ನನ್ನ ಕೈಯಾಗಿನ ಗಿಡಕ್ಕ ಆಕಿ ನೀರು ಸುರದ್ರ ಸುಮ್ನ ನೋಡ್ತೇನಿ. ಆಳು ಅಂದ್ರ ಹೆಂಗಿರ್ತಾನ ನನಗ ಕೇಳ್ರಿ, ಏಳು ವರ್ಷ ಮಾಡಿದ ಪಾರ್ಟು! ಈ ಪರಸಪ್ಪಗ ನಾನು ಬಾಯಿ ಹರಕೊಂಡು ಹೇಳಿದೆ, ನೀರು ಬಿಡು ಅಂತ. ಬಿಡಲಿಲ್ಲ! ಇಂಜಿನ್ನಿಗೆ ಅಡ್ಡ ನಿಂತ! ಆಳು ಹಂಗ ನಿಂದರ್ತಾನೇನ್ರಿ?"

ಅಧ್ಯಕ್ಷರು ಕನ್ನಡಕ ತೆಗೆದರು. "ಅವರು ಪಾಲಿಗೆ ಮಾಡುತ್ತಿದ್ದರು ಅಂತ ಬರೆದುಕೊಳ್ಳಲೇ? ತೋಟ ಅವರಿಗೆ ಹೋಗುತ್ತದೆ. ಗೊತ್ತಿದೆಯೇ?"

"ಬರಕೋರಿ. ಆದ್ರ ಅದರ ಮ್ಯಾಲ ಇನ್ನೊಂದು ಬರೀರಿ. ಇನ್ನೂರು ಗಿಡ ಹಚ್ಚಿದಾಕಿ ಸುಮಿತ್ರಾಬಾಯಿ."

"ಅದು ಈ ವಿಚಾರಣೆಗೆ ಬೇಕಾಗಿಲ್ಲ ತಾಯಿ."

"ನನಗ ಬೇಕ್ರಿ."

ನಾನು ಕೂರಲಿಲ್ಲ. ಗುಮಾಸ್ತ ಅಧ್ಯಕ್ಷರ ಮುಖ ನೋಡಿದ, ಅಧ್ಯಕ್ಷರು ನನ್ನ ಮುಖ ನೋಡಿದರು. ಬರೆದುಕೊಂಡ. ಓದಿ ಹೇಳಿಸಿದೆ. "ಹಚ್ಚಿದಾಕಿ" ಅಂದದ್ದನ್ನು "ನೆಟ್ಟವರು" ಅಂತ ಮಾಡಿದ್ದ, ಹೋಗಲಿ. ಇಬ್ರಾಹಿಂಸಾಬರಿಗೆ ಎಚ್ಚರಿಕೆ ಹೇಳಿ ಬಿಟ್ಟರು. ಹುಕುಂ ಪರಸಪ್ಪನ ಹೆಸರಿಗೆ ಆಯಿತು.

ಸೋತೆ ಅಂತ ಬಸಂತರಾಯ ಹೇಳುತ್ತಾನೆ. ಸೋತವರ ಧ್ವನಿ ಕಚೇರಿಯ ಹೊರಗಿನ ಬೇವಿನ ಗಿಡದ ತನಕ ಕೇಳಿಸುತ್ತದೆಯೆ?

13 ಜನವರಿ, ಗುರುವಾರ

ಕೋಣೆ ಖಾಲಿ ಮಾಡಲು ಬೆಳಿಗ್ಗೆ ಟ್ರಂಕು ಹೊರಗಿಟ್ಟೆ. ಸಾತವ್ವ ಅದನ್ನು ಎತ್ತಿ ಮತ್ತೆ ಒಳಗಿಟ್ಟಳು. ನಾನು ಹೊರಗಿಟ್ಟೆ. ಅವಳು ಒಳಗಿಟ್ಟಳು.

"ಧರ್ಮಕ್ಕ ಇರಾಕಿ ಅಲ್ಲ ನಾನು," ಅಂದೆ.

"ಯಾರ ಧರ್ಮಕ್ಕ ಇರ್ರಿ ಅಂದ್ರು? ಇವತ್ತ ನೀರ ಬಿಡೂದೈತಿ, ಕೈ ಕಡಿಮಿ ಅದಾವ. ಬರ್ರಿ."

ಗಿಡದಲ್ಲಿ ಎಲೆ ಅಲ್ಲೊಂದು ಇಲ್ಲೊಂದು. ಬುಡ ಕೆದರಿ ಗೊಬ್ಬರ ಹಾಕಿ ಆಗಿತ್ತು. ಪರಸಪ್ಪ ಇಂಜಿನ್ನಿನ ಹ್ಯಾಂಡಲ್ ತಿರುಗಿಸಿದ. ಒಂದೇ ಸಲಕ್ಕೆ ಚಾಲೂ ಆಯಿತು. ಅವನು ಗುದ್ದಲಿ ತಂದು ನನ್ನ ಮುಂದೆ ಹಿಡಿದ.

"ಇದೇನು?"

"ಮೊದಲನೇ ಒಡ್ಡು ನೀವ ತಗೀತೀರಲ್ರಿ, ಪ್ರತಿ ವರ್ಷಾ."

"ಆಗ ನಾ ಮಾಲಕಳಿದ್ದೆ. ಈಗ ಯಾವ ಲೆಕ್ಕದಾಗ ತಗೀಲಿ? ಆಳಾಗೇನು?"

ಅವನು ತಲೆ ಕೆರೆದುಕೊಂಡ. ನಿಜವಾಗಿಯೂ ಯೋಚಿಸಿದ. "ಪಾಲಿಗೆ ಇರ್ರಿ," ಅಂದ. "ಇದ್ದಷ್ಟ ದಿನದ್ದು. ಆ ಕೋಣಿಯಾಗ ಇರ್ರಿ, ದುಡೀರಿ, ಫಲದಾಗ ಪಾಲು ತಗೋರಿ."

"ನನ್ನ ತೋಟದಾಗ ನಾನು ಪಾಲಿಗೆ?"

"ನಮ್ಮ ತೋಟದಾಗ್ರಿ," ಅಂದಳು ಸಾತವ್ವ ಹಿಂದಿನಿಂದ.

ಎಂಥ ಸೊಕ್ಕು! ನಾನು ಗುದ್ದಲಿ ಕಸಿದುಕೊಂಡೆ. ಇಡೀ ಹೊರ್ತಿ ದಾರಿಗೆ ಕೇಳುವ ಹಾಗೆ ಹೇಳಿದೆ: "ಕೇಳಿಲ್ಲೆ ಪರಸಪ್ಪ! ವರ್ಷಕ್ಕ ಎರಡ ತಿಂಗಳು ಬರ್ತೇನಿ. ಸಮುದ್ರ ದಾಟಿ ಬರ್ತೇನಿ, ಸಾಯೂತನಕ ಬರ್ತೇನಿ. ನಿನ್ನ ಹೊಲ ಪಾಲಿಗೆ ಮಾಡ್ತೇನಿ. ಏಳು ವರ್ಷ ಆಗಲಿ, ನಿನ್ನ ಮ್ಯಾಲ ನಾನೂ ಅರ್ಜಿ ಹಾಕ್ತೇನಿ! ನನ್ನ ಹೆಸರ ಮ್ಯಾಲ, ನಿಂದು ಕೆಳಗ!"

ಪರಸಪ್ಪ ನಗಲಿಲ್ಲ. ನನ್ನ ಹಿಂದಿನ ಕಾಲುವೆಯನ್ನು ನೋಡುತ್ತಿದ್ದ.

"ಹಾಕ್ರಿ. ಮೊದಲ ಒಡ್ಡು ತಗೀರಿ ಬಾಯಾರ, ನೀರು ಬಂತು."

ತೆಗೆದೆ.